ಒಂದು ಕಿಲೋ ಹೊಗೆಗೆ ಎಷ್ಟು ರೂಪಾಯಿ?



ಕೆಲಸಕ್ಕೆ ಹೋಗಿಬರುವವರ ವಾಹನಗಳ ಹೊಗೆ ತಗ್ಗಿಸಲೆಂದು ನಮ್ಮ ತೆರಿಗೆ ಹಣ ಖರ್ಚಾಗುತ್ತದೆ. ಖರ್ಚಿಗೆ ತಕ್ಕಷ್ಟು ಹೊಗೆ ಕಡಿಮೆಯಾಯಿತೇ ಎಂದು ನೋಡುವುದು ಹೇಗೆ? ಮೊದಲು ಒಂದು ಕೈಲೆಕ್ಕ ಮಾಡೋಣ. ಇದರಲ್ಲಿ ಬರುವ ಪ್ರಯಾಣಿಕರು, ಮೈಲೇಜು, ಖರ್ಚು ಎಲ್ಲ ನಾನು ಉದಾಹರಣೆಗೆ ಇಟ್ಟುಕೊಂಡವು.

ಬೆಳಿಗ್ಗೆ ಜಯನಗರದಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ಸಂಜೆ ಮರಳುವ ಒಂದು ಹೊಸ ಬಸ್ಸು. ಹೋಗಿಬರಲು 30 ಕಿಲೋಮೀಟರ್. ಒಳಗೆ 40 ಜನ. ದಿನದ ಖರ್ಚು 8,000 ರೂಪಾಯಿ. ನಲವತ್ತೂ ಮಂದಿ ಕಾರು ಬಿಟ್ಟು ಬಂದವರು ಎಂದುಕೊಂಡರೆ, ಲೀಟರಿಗೆ 15 ಕಿಲೋಮೀಟರಿನಂತೆ ದಿನಕ್ಕೆ 80 ಲೀಟರ್ ಪೆಟ್ರೋಲ್ ಉಳಿಯಿತು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅಂದರೆ 184 ಕಿಲೋ ಉಳಿತಾಯ. ಡಿಪೋದಿಂದ ಖಾಲಿ ಬಂದು ಖಾಲಿ ಹೋಗುವ ಓಟವೂ ಸೇರಿ ಬಸ್ಸು 15 ಲೀಟರ್ ಡೀಸೆಲ್ ಕುಡಿಯುತ್ತದೆ ಎನ್ನಿ. ಅದರ ಪಾಲು ಸುಮಾರು 40 ಕಿಲೋ. ಕಳೆದರೆ 144 ಉಳಿಯಿತು. ಕಿಲೋಗೆ ಸುಮಾರು 56 ರೂಪಾಯಿ.

ಈಗ ಬಸ್ಸು ಹತ್ತಿ ಒಬ್ಬೊಬ್ಬರನ್ನೇ ಕೇಳೋಣ: ಹೋದ ತಿಂಗಳು ನೀವು ಹೇಗೆ ಬರುತ್ತಿದ್ದಿರಿ? ಹತ್ತು ಜನ ಕಾರಿನಲ್ಲಿ, ಹದಿನೈದು ಜನ ಸ್ಕೂಟರಿನಲ್ಲಿ, ಉಳಿದ ಹದಿನೈದು ಜನ ಇನ್ನೊಂದು ಬಸ್ಸಿನಲ್ಲಿ. ಸ್ಕೂಟರಿಗೆ 45 ಕಿಲೋಮೀಟರ್ ಮೈಲೇಜು ಹಿಡಿದರೆ ಉಳಿದದ್ದು 80 ಲೀಟರ್ ಅಲ್ಲ, 30. ಅದು 69 ಕಿಲೋ. ಬಸ್ಸಿನ 40 ಕಳೆಯಿರಿ. ಕೈಗೆ ಸಿಕ್ಕಿದ್ದು 29 ಕಿಲೋ ಮಾತ್ರ, ಕಿಲೋಗೆ ಸುಮಾರು 276 ರೂಪಾಯಿ. ಅದೇ ಬಸ್ಸು, ಅದೇ ಜನ, ಬೆಲೆ ಐದು ಪಟ್ಟು. ಇಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಮೊದಲ ಲೆಕ್ಕ ಬರೆದವರು ಆ ಒಂದು ಪ್ರಶ್ನೆ ಕೇಳಲಿಲ್ಲ, ಅಷ್ಟೆ.

ಇನ್ನೊಂದು ಬಸ್ಸಿನಿಂದ ಬಂದ ಹದಿನೈದು ಜನರಿಗೆ ಕೂರಲು ಸೀಟು ಸಿಕ್ಕಿತು. ಅದೂ ಸಾರ್ವಜನಿಕ ಹಣಕ್ಕೆ ಸಂದ ಫಲವೇ. ಆದರೆ ಅದನ್ನು ಹೊಗೆಯ ಖಾತೆಗೆ ಬರೆಯಬಾರದು. ಹೆಣ್ಣುಮಕ್ಕಳಿಗೆ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡಲು 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯ ಮಾತೂ ಇದೇ. ದುಡಿಯಲು, ಓದಲು ಹೆಣ್ಣುಮಕ್ಕಳು ಮನೆಯಿಂದ ಹೊರಟರಲ್ಲ, ಆ ಯೋಜನೆಯನ್ನು ಅದರಿಂದ ಅಳೆಯಬೇಕು.

ಮೆಟ್ರೋ ನಿಲ್ದಾಣದ ಪಾರ್ಕಿಂಗ್ ವಿಚಾರದಲ್ಲಿ ನಾವು ಇನ್ನೂ ಎಚ್ಚರವಾಗಿರಬೇಕು. ಪೆಟ್ರೋಲ್ ಕಾರಿನ ಹೊಗೆಕೊಳವೆಯಲ್ಲಿ ವಿಷಾನಿಲಗಳನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇದೆ. ಅದು ಚೆನ್ನಾಗಿ ಕಾಯದೆ ಕೆಲಸ ಮಾಡುವುದಿಲ್ಲ. ರಾತ್ರಿಯಿಡೀ ತಣ್ಣಗಿದ್ದ ಕಾರು ಬೆಳಿಗ್ಗೆ ಹೊರಟಾಗ ಕಾರ್ಬನ್ ಮೊನಾಕ್ಸೈಡು, ಹೈಡ್ರೋಕಾರ್ಬನ್ನುಗಳ ದೊಡ್ಡ ಪಾಲನ್ನು ಮೊದಲ ಒಂದೆರಡು ಕಿಲೋಮೀಟರಿನಲ್ಲೇ ಉಗುಳಿಬಿಡುತ್ತದೆ. ಮನೆಯಿಂದ ಮೂರು ಕಿಲೋಮೀಟರ್ ಕಾರಿನಲ್ಲಿ ಬಂದು ಮೆಟ್ರೋ ಹಿಡಿದವರು ಪೆಟ್ರೋಲನ್ನೇನೋ ಬಹಳ ಉಳಿಸಿದರು. ಈ ವಿಷಾನಿಲಗಳು ಮಾತ್ರ ಆ ಪ್ರಮಾಣದಲ್ಲಿ ಇಳಿಯಲಿಲ್ಲ. ಹೊಗೆಗೆಂದೇ ಇಟ್ಟ ಹಣವಾದರೆ, ಬಹುಮಹಡಿ ಪಾರ್ಕಿಂಗ್ ಕಟ್ಟುವುದಕ್ಕಿಂತ ನಿಲ್ದಾಣದವರೆಗೆ ನಡೆಯಲು ಫುಟ್‌ಪಾತು, ಹತ್ತಲು ಫೀಡರ್ ಬಸ್ಸು ಕೊಡುವುದೇ ಸರಿ ಎಂದು ನಾನು ನಂಬಿದ್ದೇನೆ.

ಕೈಗೊಂಡ ಕ್ರಮ ಫಲ ಕೊಟ್ಟಿತೇ ಎಂದು ಅಳೆದು ನೋಡಬೇಕೆಂಬ ಪಾಠವನ್ನು ಬೇರೆ ದೇಶಗಳೂ ಕಲಿತಿವೆ. ಮೆಕ್ಸಿಕೋ ನಗರದಲ್ಲಿ 1989ರಲ್ಲಿ, ನಂಬರ್ ಪ್ಲೇಟಿನ ಕೊನೆಯ ಅಂಕಿ ನೋಡಿ ವಾರಕ್ಕೊಂದು ದಿನ ಕಾರನ್ನು ಮನೆಯಲ್ಲೇ ಬಿಡಬೇಕೆಂದು ನಿಯಮ ಮಾಡಿದರು. ಅರ್ಥಶಾಸ್ತ್ರಜ್ಞ ಲ್ಯೂಕಸ್ ಡೇವಿಸ್ ಅಲ್ಲಿನ ಗಾಳಿ ಮಾಪನ ಕೇಂದ್ರಗಳ ಅಂಕಿಗಳನ್ನು ಜಾಲಾಡಿ 2008ರಲ್ಲಿ ಅಧ್ಯಯನ ಪ್ರಕಟಿಸಿದರು. ಗಾಳಿ ಸುಧಾರಿಸಿದ್ದಕ್ಕೆ ಪುರಾವೆ ಸಿಗಲಿಲ್ಲ. ವಾಹನಗಳು ಹೆಚ್ಚಿದ್ದವು, ಅವುಗಳಲ್ಲಿ ಹೆಚ್ಚು ಹೊಗೆಯ ಹಳೆಯ ಗಾಡಿಗಳ ಪಾಲೂ ಬೆಳೆದಿತ್ತು.

ಅಮೆರಿಕ 1991ರ ಒಂದು ಕಾಯ್ದೆಯಲ್ಲಿ ಸಂಚಾರ ದಟ್ಟಣೆ ಮತ್ತು ಹೊಗೆ ತಗ್ಗಿಸಲೆಂದೇ ಆರು ವರ್ಷಕ್ಕೆ ಸುಮಾರು 600 ಕೋಟಿ ಡಾಲರ್ ತೆಗೆದಿಟ್ಟಿತು. ಹತ್ತು ವರ್ಷಗಳ ಅನುಭವವನ್ನು 2002ರಲ್ಲಿ ಪರಿಶೀಲಿಸಿದಾಗ, ಜನರ ಪ್ರಯಾಣದ ರೂಢಿ ಬದಲಿಸಹೊರಟ ಹೆಚ್ಚಿನ ಯೋಜನೆಗಳಿಗಿಂತ ವಾಹನದ ಹೊಗೆಯನ್ನೇ ನೇರವಾಗಿ ಹಿಡಿದ ಕ್ರಮಗಳು, ಅಂದರೆ ಬಿಗಿ ಮಾನದಂಡ ಮತ್ತು ಕಟ್ಟುನಿಟ್ಟಾದ ಹೊಗೆ ತಪಾಸಣೆಗಳು, ಹಣಕ್ಕೆ ಹೆಚ್ಚು ಫಲ ಕೊಟ್ಟಿದ್ದವು.

ನನಗೆ ಬಹಳ ಮೆಚ್ಚುಗೆಯಾದದ್ದು ಸ್ಟಾಕ್‌ಹೋಮ್. 2006ರ ಜನವರಿಯಿಂದ ಜುಲೈವರೆಗೆ ನಗರದ ನಡುಭಾಗಕ್ಕೆ ಬರುವ ವಾಹನಗಳಿಗೆ ಪ್ರಾಯೋಗಿಕವಾಗಿ ಸುಂಕ ಹಾಕಿದರು. ಮುಂಚೆ ಎಷ್ಟಿತ್ತು, ಸುಂಕವಿದ್ದಾಗ ಎಷ್ಟಾಯಿತು, ತೆಗೆದ ಮೇಲೆ ಏನಾಯಿತು, ಎಲ್ಲವನ್ನೂ ಎಣಿಸಿದರು. ಸುಂಕದ ಗಡಿ ದಾಟುವ ಸಂಚಾರ ಸುಮಾರು ಐದನೇ ಒಂದು ಭಾಗ ಇಳಿದಿತ್ತು. ಆ ಅಂಕಿಗಳನ್ನು ಕಣ್ಣಾರೆ ಕಂಡ ನಗರದ ಜನ ಸೆಪ್ಟೆಂಬರಿನಲ್ಲಿ ಮತ ಹಾಕಿ ಒಪ್ಪಿದರು. 2007ರ ಆಗಸ್ಟಿನಿಂದ ಸುಂಕ ಕಾಯಂ ಆಯಿತು.

ಈ ಸಭೆಯಲ್ಲಿ ಕೂತ ನಿಮ್ಮಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಬಡಾವಣೆಗೆ ಹೊಸ ಬಸ್ಸೋ ಪಾರ್ಕಿಂಗ್ ಕಟ್ಟಡವೋ ಬರುತ್ತದೆಂದು ತಿಳಿದ ದಿನವೇ ಕಾರ್ಪೊರೇಷನ್ನಿಗೆ ಒಂದು ಅರ್ಜಿ ಬರೆಯಿರಿ: ಕೆಲಸ ಶುರುವಾಗುವ ಮುಂಚೆ ಒಂದು ವಾರ, ಆರು ತಿಂಗಳ ನಂತರ ಇನ್ನೊಂದು ವಾರ, ಜನ ಹೇಗೆ ಓಡಾಡುತ್ತಿದ್ದಾರೆಂದು ಎಣಿಸಿ, ಅಂಕಿಗಳನ್ನು ವಾರ್ಡ್ ಕಚೇರಿಯ ಗೋಡೆಗೆ ಹಚ್ಚಿ ಎಂದು. ಆ ಅರ್ಜಿಗೆ ಸಹಿ ಹಾಕುವವರಲ್ಲಿ ನನ್ನ ಹೆಸರನ್ನೂ ಸೇರಿಸಿಕೊಳ್ಳಿ.