ಮೆಕ್ಯಾನಿಕಲ್ ಕೀಬೋರ್ಡಿಗೆ ಮರಳಿದ್ದು

ಮೈಕನ್ನ ಸ್ವಲ್ಪ ಕೆಳಗೆ ಹಿಡೀತೀನಿ, ಮೊದಲು ಈ ಸದ್ದು ಕೇಳಿ. ಟಕ್, ಟಕ್, ಟಕ್. ಕಣ್ಣು ಮುಚ್ಚಿಕೊಂಡು ಕೇಳಿದ್ರೆ ನಿಮ್ಮಲ್ಲಿ ಅರ್ಧ ಜನಕ್ಕೆ ರೈಲ್ವೆ ರಿಸರ್ವೇಷನ್ ಕೌಂಟರ್ ನೆನಪಾಗುತ್ತೆ, ಇನ್ನರ್ಧ ಜನಕ್ಕೆ ಬ್ಯಾಂಕು. ನನಗೆ ನೆನಪಾಗೋದು ಸಾಗರದ ಒಂದು ಡಿಟಿಪಿ ಅಂಗಡಿ. ಪಿಯುಸಿ ರಜೆಯಲ್ಲಿ ಅಲ್ಲಿ ಮದುವೆ ಕಾಗದ, ವೈಕುಂಠ ಸಮಾರಾಧನೆ ಕಾರ್ಡು, ಅಡಿಕೆ ಸೊಸೈಟಿಯ ವಾರ್ಷಿಕ ವರದಿ, ಎಲ್ಲಾ ಟೈಪ್ ಮಾಡ್ತಿದ್ದೆ. ಪುಟಕ್ಕೆ ಇಷ್ಟು ಅಂತ ಲೆಕ್ಕ.

ಆ ಅಂಗಡಿಯಲ್ಲಿದ್ದದ್ದು ಟಿವಿಎಸ್ ಗೋಲ್ಡ್. ಓಎಂಆರ್ ಕಡೆಯ ನಮ್ಮ ಹುಡುಗರು ಮೆಕ್ಯಾನಿಕಲ್ ಕೀಬೋರ್ಡ್ ಅಂದ ಕೂಡಲೇ ಬಣ್ಣಬಣ್ಣದ ಲೈಟು, ಕಸ್ಟಮ್ ಕೀಕ್ಯಾಪು ಅಂತ ಶುರು ಮಾಡ್ತಾರೆ, ಇದೇನೋ ಮೊನ್ನೆ ಮೊನ್ನೆ ಬಂದ ಗೇಮಿಂಗ್ ಫ್ಯಾಷನ್ ಅನ್ನೋ ಹಾಗೆ. ನಮ್ಮ ದೇಶದಲ್ಲಿ ಇದು ಗುಮಾಸ್ತರ ಕೀಬೋರ್ಡು ಸ್ವಾಮಿ! ಹಳೆಯ ಗೋಲ್ಡ್ ಒಳಗೆ ಇದ್ದದ್ದು ಜರ್ಮನಿಯ ಚೆರ್ರಿ ಕಂಪನಿಯ ನೀಲಿ ಸ್ವಿಚ್ಚು, ಇವತ್ತು ಹವ್ಯಾಸಿಗಳು ಹೆಸರಿಟ್ಟು ಕೇಳೋ ಅದೇ ಎಂಎಕ್ಸ್ ಬ್ಲೂ. ಅದನ್ನ ತಂದು ದಿನಸಿ ಅಂಗಡಿ ಬಿಲ್ಲಿಂಗ್‌ವರೆಗೂ ಮುಟ್ಟಿಸಿದ್ದು ಟಿವಿಎಸ್ ಎಲೆಕ್ಟ್ರಾನಿಕ್ಸ್, ಈ ಚೆನ್ನೈ ಕಂಪನಿ. 2010ರ ಜುಲೈನಲ್ಲಿ ರೂಪಾಯಿಗೆ ಹೊಸ ಚಿಹ್ನೆ ಬಂತಲ್ಲ, ತಮಿಳುನಾಡಿನವರೇ ಆದ ಉದಯ ಕುಮಾರ್ ರೂಪಿಸಿದ್ದು, ಅದೇ ವರ್ಷ ಆ ಚಿಹ್ನೆಯ ಕೀಲಿ ಇಟ್ಟು ಗೋಲ್ಡ್ ಭಾರತ್ ಅಂತ ಮಾರುಕಟ್ಟೆಗೆ ಬಿಟ್ಟವರೂ ಇವರೇ.

ಸ್ವಿಚ್ಚಿನ ಬಗ್ಗೆ ಎರಡು ಮಾತು. ಸಾಮಾನ್ಯ ಕೀಬೋರ್ಡಿನಲ್ಲಿ ಕೀಲಿಯ ಕೆಳಗೆ ರಬ್ಬರಿನ ಗುಮ್ಮಟ ಇರುತ್ತೆ. ತಳ ಮುಟ್ಟೋ ತನಕ ಒತ್ತಬೇಕು, ಒತ್ತಿದ ಮೇಲೂ ಅಕ್ಷರ ಬಿತ್ತಾ ಅಂತ ಸ್ಕ್ರೀನ್ ನೋಡಬೇಕು. ನೀಲಿ ಸ್ವಿಚ್ಚು ಒಟ್ಟು 4 ಮಿಲಿಮೀಟರ್ ಇಳಿಯುತ್ತೆ. ಆದ್ರೆ ಸುಮಾರು 2.2 ಮಿಲಿಮೀಟರಿಗೇ ಸಂಪರ್ಕ ಆಗಿಬಿಡುತ್ತೆ, ಅದೇ ಜಾಗದಲ್ಲಿ ಒಳಗಿನ ಸಣ್ಣ ತುಂಡೊಂದು ಜಾರಿ ಟಕ್ ಅನ್ನುತ್ತೆ. ಅಕ್ಷರ ಬಿತ್ತು ಅಂತ ಬೆರಳಿಗೂ ಕಿವಿಗೂ ಒಟ್ಟಿಗೇ ಗೊತ್ತಾಗುತ್ತೆ. ಕಣ್ಣಿಗೆ ಕೆಲಸ ಇಲ್ಲ.

ಎಂಟೆಕ್‌ಗೆ ಹೋದಾಗ ಲ್ಯಾಪ್‌ಟಾಪ್ ಬಂತು, ಆಮೇಲೆ ಚೆನ್ನೈ, ಶೋಲಿಂಗನಲ್ಲೂರು, ಒಂಬತ್ತು ವರ್ಷ. ಕೋಡ್ ಬರೆಯೋಕೆ ಲ್ಯಾಪ್‌ಟಾಪಿನ ಚಪ್ಪಟೆ ಕೀಲಿ ಸಾಕು, ನಾನೇನೂ ದೂರಲ್ಲ. ಆದ್ರೆ ಅಷ್ಟರಲ್ಲಿ ನನ್ನ ಕನ್ನಡ ಪೂರ್ತಿ ಫೋನಿಗೆ ಹೋಯ್ತು. ನಿಮ್ಮದೂ ಹೀಗೇ ಇರಬಹುದು: ಮನೆಯ ಗುಂಪಿಗೆ ವಾಯ್ಸ್ ಮೆಸೇಜು, ಗೆಳೆಯರಿಗೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ, ರಾಜ್ಯೋತ್ಸವದ ದಿನ ಕನ್ನಡ ಲಿಪಿಯಲ್ಲಿ ಒಂದು ಸಾಲು. ಪುಟ ತುಂಬಾ ಬರೆಯೋ ಪ್ರಸಂಗವೇ ಬರಲಿಲ್ಲ.

ಬಂದದ್ದು ನಮ್ಮ ಅಪಾರ್ಟ್‌ಮೆಂಟಿನ ಒಬ್ಬ ಹಿರಿಯರಿಂದ. ಕುಂದಾಪುರ ಕಡೆಯವರು, ಹುಡುಗನಾಗಿದ್ದಾಗ ಮದ್ರಾಸಿಗೆ ಬಂದು ಉಡುಪಿ ಹೋಟೆಲಿನಲ್ಲಿ ಲೋಟ ತೊಳೆದು, ಸಪ್ಲೈ ಮಾಡಿ, ಕೊನೆಗೆ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ನಿವೃತ್ತರಾದವರು. ಗ್ಲಾಕೋಮಾದಿಂದ ದೃಷ್ಟಿ ಕುಗ್ತಾ ಬರ್ತಿದೆ, ಕೈಯಲ್ಲಿ ಬರೆದ್ರೆ ಸಾಲಿನ ಮೇಲೆ ಸಾಲು ಕೂರುತ್ತೆ. "ಇರುವಷ್ಟ್ ನೆನ್ಪ್ ಬರ್ದಿಡ್ಕ್ ಮಾರಾಯಾ, ಮಗಳ್ ಓದ್ತಾಳೆ" ಅಂದ್ರು. ಮದ್ರಾಸಿನ ಕನ್ನಡಿಗರ ಕಥೆ ಅಂದ್ರೆ ನಾವು ವುಡ್‌ಲ್ಯಾಂಡ್ಸ್ ಕಟ್ಟಿದ ಕೃಷ್ಣರಾಯರ ಹೆಸರು ಹೇಳಿ ಮುಗಿಸ್ತೀವಿ. ಅವರ ಡ್ರೈವ್-ಇನ್ 1962ರಲ್ಲಿ ಶುರುವಾಗಿ 2008ರಲ್ಲಿ ಮುಚ್ಚಿತು, ಆ ಜಾಗದಲ್ಲಿ ಈಗ ಸೆಮ್ಮೊಳಿ ಪೂಂಗಾ ಇದೆ. ಲೋಟ ತೊಳೆದವರ ಕಥೆ ಎಲ್ಲಿದೆ? ಇವರ ತಲೆಯಲ್ಲಿದೆ, ಇವರಂಥ ಇನ್ನು ಕೆಲವರ ತಲೆಯಲ್ಲಿದೆ.

ಮೊದಲು ವಾಯ್ಸ್ ಟೈಪಿಂಗ್ ಇಟ್ಟು ನೋಡಿದ್ವಿ. ಇವರು ಕುಂದಗನ್ನಡದಲ್ಲಿ "ಬಪ್ಪುದು" ಅಂದ್ರೆ ಯಂತ್ರ ತನಗೆ ಗೊತ್ತಿರೋ ಇನ್ನೇನೋ ಪದಕ್ಕೆ ತಿರುಗಿಸಿ ಬರೀತಿತ್ತು. ಫೋನಿನ ಕೀಬೋರ್ಡೂ ಅಷ್ಟೇ. ಇಂಗ್ಲಿಷ್ ಅಕ್ಷರ ಒತ್ತಿದ್ರೆ ಅದು ಊಹೆ ಮಾಡಿ ಮೂರು ಪದ ಮುಂದಿಡುತ್ತೆ, ನಾವು ಒಂದನ್ನ ಆರಿಸಬೇಕು. ಪಟ್ಟಿಯಲ್ಲಿ ಪಠ್ಯಪುಸ್ತಕದ ಕನ್ನಡ ಇರುತ್ತೆ, ಕುಂದಾಪುರ ಇರಲ್ಲ. ಐವತ್ತು ವರ್ಷ ಮದ್ರಾಸಿನಲ್ಲಿದ್ದೂ ಉಳಿಸಿಕೊಂಡ ಮಾತು ನನ್ನ ಫೋನಿನೊಳಗೆ ಸಂಜೆಗೊಂದಿಷ್ಟು ಕಳೆದುಹೋಗ್ತಿತ್ತು.

ಆಗ ನೆನಪಾದದ್ದು ಡಿಟಿಪಿ ಅಂಗಡಿಯ ವಿನ್ಯಾಸ. ಕೆ. ಪಿ. ರಾವ್ ಅವರದ್ದು, ಮಂಗಳೂರು ಹತ್ತಿರದ ಕಿನ್ನಿಕಂಬಳದವರು. ಸೇಡಿಯಾಪು ಕೃಷ್ಣಭಟ್ಟರ ಹೆಸರಿನಲ್ಲಿ 'ಸೇಡಿಯಾಪು' ಅನ್ನೋ ತಂತ್ರಾಂಶ ಮಾಡಿ ಪುಕ್ಕಟೆ ಹಂಚಿದವರು. ಅವರ ವಿನ್ಯಾಸವೇ ಸಣ್ಣಪುಟ್ಟ ಬದಲಾವಣೆಯೊಂದಿಗೆ ಕರ್ನಾಟಕ ಸರ್ಕಾರದ ವಿನ್ಯಾಸ ಆಯ್ತು, ಕನ್ನಡ ಗಣಕ ಪರಿಷತ್ತಿನ ನುಡಿಗೂ ಬಂತು. ಇದರಲ್ಲಿ ಊಹೆ ಇಲ್ಲ. 'ಕನ್ನಡ' ಅಂದ್ರೆ ಕೆ, ಎನ್, ಎಫ್, ಎನ್, ಡಬ್ಲ್ಯು. ಐದೇ ಒತ್ತು. ಎಫ್ ಅಂದ್ರೆ ಅರ್ಧಾಕ್ಷರದ ಕೊಂಬು, ಡಬ್ಲ್ಯು ಅಂದ್ರೆ ಡ. 'ಬರ್ಕ್' ಬೇಕಾ? ಬಿ, ಆರ್, ಎಫ್, ಕೆ, ಎಫ್. ಅವರು ಹೇಳಿದ್ದು ಹೇಳಿದ ಹಾಗೇ ಕೂರುತ್ತೆ.

ಇನ್ನೊಂದು ಗಮನಿಸಿ. ಎಲ್ಲ ಕೀಬೋರ್ಡಿನಲ್ಲೂ ಎಫ್ ಮತ್ತು ಜೆ ಮೇಲೆ ಸಣ್ಣ ಗೆರೆ ಉಬ್ಬಿರುತ್ತೆ, ತೋರುಬೆರಳಿಗೆ ಗುರುತು ಸಿಗಲಿ ಅಂತ. ನಮ್ಮ ಒತ್ತಕ್ಷರ ಆ ಗೆರೆಯ ಮೇಲೇ ಕೂತಿದೆ! ಕನ್ನಡದಲ್ಲಿ ಒತ್ತಿಲ್ಲದ ಸಾಲು ಎಷ್ಟು ಸಿಗುತ್ತೆ ಹೇಳಿ. ಬೆರಳು ಇದ್ದಲ್ಲೇ ಇರುತ್ತೆ. ಮತ್ತೆ ಮೆಕ್ಯಾನಿಕಲ್ ಕೀಬೋರ್ಡಿನವರಿಗೆ ಇದರಿಂದ ದೊಡ್ಡ ಲಾಭ: ಕನ್ನಡ ಅಚ್ಚು ಹಾಕಿದ ಕೀಕ್ಯಾಪ್ ಹುಡುಕೋದೇ ಬೇಡ. ಇನ್‌ಸ್ಕ್ರಿಪ್ಟ್ ಆದ್ರೆ 'ನ'ಕ್ಕೆ ವಿ, ಹಲಂತಕ್ಕೆ ಡಿ. ಅಭ್ಯಾಸ ಆಗೋ ತನಕ ಸ್ಟಿಕ್ಕರ್ ಬೇಕು. ಇದು ಶೆನ್ಝೆನ್‌ನಿಂದ ಬಂದ ಯಾವ ಕೀಬೋರ್ಡಿಗಾದ್ರೂ ಹಾಗೇ ಹೊಂದುತ್ತೆ.

ನಾನು ಮೊದಲು ಕೊಂಡದ್ದು ಕೆಂಪು ಸ್ವಿಚ್ಚಿನದ್ದು, ಸದ್ದಿಲ್ಲದ್ದು. ಮನೆಯಲ್ಲಿ ಮಗು ಮಲಗಿರುತ್ತೆ ಅಂತ. ಅದನ್ನ ಹಿಡ್ಕೊಂಡು ಹಿರಿಯರ ಮನೆಗೆ ಹೋದ್ರೆ ಅವರು ಹೇಳ್ತಾ ಹೇಳ್ತಾ ಮುಂದೆ ಹೋಗಿಬಿಡೋರು. ಇಲ್ಲ, ಮಧ್ಯದಲ್ಲಿ ನಿಲ್ಲಿಸಿ, "ಬರ್ದ್ ಆಯ್ತಾ? ಇದ್ಯಾ?" ಅಂತ ಕೇಳೋರು. ಕಣ್ಣು ಕಾಣಲ್ಲ, ನಾನು ಬರೀತಿದೀನೋ ಸುಮ್ನೆ ಕೂತಿದೀನೋ ಅವರಿಗೆ ಹೇಗೆ ಗೊತ್ತಾಗಬೇಕು? ಕೇಳೋ ಹೊತ್ತಿಗೆ ಹೇಳ್ತಿದ್ದದ್ದು ಮರೆತಿರೋದು. ಮುಂದಿನ ಶನಿವಾರ ರಿಚ್ಚಿ ಸ್ಟ್ರೀಟಿಗೆ ಹೋದೆ. ಯಾರೋ ಆಫೀಸು ಖಾಲಿ ಮಾಡಿ ಕೊಟ್ಟಿದ್ದ ಹಳೇ ಗೋಲ್ಡ್ ಒಂದು ಸಿಕ್ತು. ಪಿಎಸ್-2 ಪಿನ್ನಿನದ್ದು. ಅದಕ್ಕೆ ಒಂದು ಯುಎಸ್‌ಬಿ ಪರಿವರ್ತಕ ತಗೊಂಡೆ. ತಿರುಗಿಸಿ ಕುಟ್ಟಿದ್ರೆ ಎರಡು ಚಮಚ ಧೂಳು ಬಿತ್ತು.

ಆ ಸಂಜೆಯಿಂದ ಅವರು ಪ್ರಶ್ನೆ ಕೇಳಲಿಲ್ಲ. ಒಂದು ವಾಕ್ಯ ಹೇಳೋರು, ಟಕ್ ಟಕ್ ನಡೆಯುವಷ್ಟು ಹೊತ್ತು ಸುಮ್ಮನಿರೋರು, ಸದ್ದು ನಿಂತ ಕೂಡಲೇ ಮುಂದಿನ ವಾಕ್ಯ. ಎರಡು ವಾರ ಕಳೆಯೋದ್ರಲ್ಲಿ ಸ್ಪೇಸ್ ಬಾರಿನ ದಪ್ಪ ಸದ್ದು ಬೇರೆ ಅಂತ ಗುರುತು ಹಿಡಿದು ಪದ ಎಣಿಸೋಕೆ ಶುರು ಮಾಡಿದ್ರು. ಒಮ್ಮೆ "ಏಯ್, ನಾನ್ ಹೇಳದ್ದ್ ನಾಲ್ಕ್ ಪದ, ನೀ ಐದ್ ಹೊಡ್ದೆ" ಅಂದ್ರು. ನೋಡಿದ್ರೆ ಸ್ಪೇಸ್ ಬಾರಿನ ಸ್ಪ್ರಿಂಗು ಹಳೇದಾಗಿ ಎರಡು ಸಲ ಬೀಳ್ತಿತ್ತು! ಇಲ್ಲೀವರೆಗೆ 61 ಪುಟ ಆಗಿದೆ. 1970ರ ದಶಕದ ಒಂದು ಅಡುಗೆಮನೆಯಲ್ಲಿ ನಿಂತಿದ್ದೀವಿ.

ಕೊರತೆಯನ್ನೂ ಹೇಳಬೇಕು. ಕೆ. ಪಿ. ರಾವ್ ವಿನ್ಯಾಸದಲ್ಲಿ ಶಿಫ್ಟ್ ಕೆಲಸ ಜಾಸ್ತಿ. ದೀರ್ಘ ಸ್ವರಕ್ಕೆ ಶಿಫ್ಟ್, ಮಹಾಪ್ರಾಣಕ್ಕೆ ಶಿಫ್ಟ್, ಣ ಮತ್ತು ಳಕ್ಕೂ ಶಿಫ್ಟ್. 'ಮನೆಗಳು' ಅನ್ನೋದ್ರಲ್ಲಿ ಆ 'ಳು'ಗೆ ಕಿರುಬೆರಳು ಹೋಗಲೇಬೇಕು, ಅಂದ್ರೆ ಬಹುವಚನ ಬಂದಾಗೆಲ್ಲ. ದಿನಕ್ಕೆ ನಾಲ್ಕು ಪುಟ ಆದ್ರೆ ಕಿರುಬೆರಳು ನೋಯುತ್ತೆ, ನನಗೆ ನೋಯ್ತು. ಇಲ್ಲಿ ಹೊಸ ಕಾಲದ ಕೀಬೋರ್ಡು ಉಪಯೋಗಕ್ಕೆ ಬರುತ್ತೆ. ಕ್ಯೂಎಂಕೆ ಅನ್ನೋ ಮುಕ್ತ ಫರ್ಮ್‌ವೇರ್ ಇರೋ ಕೀಬೋರ್ಡ್ ತಗೊಂಡ್ರೆ ಶಿಫ್ಟನ್ನ ಹೆಬ್ಬೆರಳಿನ ಹತ್ತಿರಕ್ಕೆ ತರಬಹುದು. ಒಮ್ಮೆ ತಟ್ಟಿ ಬಿಟ್ರೆ ಮುಂದಿನ ಒಂದು ಅಕ್ಷರಕ್ಕೆ ಮಾತ್ರ ಅನ್ವಯ ಆಗೋ ಹಾಗೂ ಮಾಡಬಹುದು. ನನ್ನ ಕೆಂಪು ಕೀಬೋರ್ಡಿನ ಸ್ವಿಚ್ಚು ಕಿತ್ತು ನೀಲಿ ಹಾಕಿ ಹಾಗೇ ಮಾಡ್ಕೊಂಡಿದೀನಿ. ಗೋಲ್ಡ್ ಈಗ ಹಿರಿಯರ ಮನೆಯಲ್ಲೇ ಇರುತ್ತೆ.

ಪಕ್ಕದ ಸೀಟಿನ ತಮಿಳು ಗೆಳೆಯನಿಗೆ ಇದನ್ನೆಲ್ಲ ತೋರಿಸಿದಾಗ ಅವನು ತಮಿಳ್99 ತೋರಿಸಿದ. 1999ರಲ್ಲಿ ಇದೇ ಚೆನ್ನೈಯ ಸಮ್ಮೇಳನದಿಂದ ಬಂದದ್ದು. ಸ್ವರ ಎಲ್ಲ ಎಡಗೈಗೆ, ವ್ಯಂಜನ ಬಲಗೈಗೆ. ಒಂದೇ ವ್ಯಂಜನ ಎರಡು ಸಲ ಒತ್ತಿದ್ರೆ ಮೊದಲನೆಯದಕ್ಕೆ ಪುಳ್ಳಿ ತಾನೇ ಬೀಳುತ್ತೆ. ಹೊಟ್ಟೆಕಿಚ್ಚು ಆಯ್ತು ನಿಜ. ಆದ್ರೆ 'ನನಗೆ'ಯಲ್ಲಿ ಎರಡು ನ ಪೂರ್ತಿ ಇವೆಯಲ್ಲ, ಅದೇ ನಿಯಮ ಬಂದ್ರೆ 'ನ್ನಗೆ' ಆಗುತ್ತೆ. ನಮಗೆ ಎಫ್ ಇರಲಿ.

ಕೊನೆಗೆ, ಎಲ್ಲರೂ ಕೇಳೋ ಎರಡು ವಿಷಯ. ಲಿನಕ್ಸ್‌ನಲ್ಲಿ ಏನೂ ಇಳಿಸಿಕೊಳ್ಳೋದು ಬೇಡ, ಕೀಬೋರ್ಡ್ ಸೆಟ್ಟಿಂಗಿನಲ್ಲಿ ಕನ್ನಡ ಕಗಪ ಫೊನೆಟಿಕ್ ಅಂತ ಇದೆ, ಆರಿಸಿ. ವಿಂಡೋಸ್ ಆದ್ರೆ ನುಡಿ ಹಾಕ್ಕೊಳ್ಳಿ, ಯೂನಿಕೋಡ್ ಆಯ್ಕೆ ಮರೀಬೇಡಿ. ಮತ್ತೆ ನೀಲಿ ಸ್ವಿಚ್ಚನ್ನ ಆಫೀಸಿಗೆ ಒಯ್ಯಬೇಡಿ, ಎರಡನೇ ದಿನವೇ ಎಚ್ಆರ್ ಮೇಲ್ ಬರುತ್ತೆ. ಹಿಂದಿನ ಸಾಲಿನಲ್ಲಿ ಯಾರೋ ಕೈ ಎತ್ತಿದ್ರು, ಹೇಳಿ ಸಾರ್.