ಬಹುಮಾನದ ತಟ್ಟು, ಬೆಟ್ಟದ ತಟ್ಟು



ಮಲೆನಾಡಿನ ದನಗಳ ಕುರಿತ ಸಭೆಯಲ್ಲಿ ಬ್ರಿಟನ್ನಿನ ಕುದುರೆಗಳ ಪ್ರಸ್ತಾಪವೇಕೆ ಎಂದು ನಿಮಗೆ ಅನ್ನಿಸಬಹುದು. ನಮ್ಮ ಮಲೆನಾಡು ಗಿಡ್ಡ 2012ರಲ್ಲಿ ಪ್ರತ್ಯೇಕ ತಳಿಯಾಗಿ ನೋಂದಣಿಗೊಂಡಿತು. ಇನ್ನು ಅದಕ್ಕೂ ಪ್ರದರ್ಶನ, ಬಹುಮಾನಗಳು ಬೇಕೆಂದು ನಿಮ್ಮಲ್ಲಿ ಕೆಲವರು ಈಗಷ್ಟೇ ಹೇಳಿದಿರಿ. ಆ ಹಾದಿಯಲ್ಲಿ ಶತಮಾನಕ್ಕೂ ಮೊದಲೇ ನಡೆದವರಿದ್ದಾರೆ. ಅವರು ಪಡೆದುದೇನು, ಕಳೆದುಕೊಂಡುದೇನು ಎಂಬುದನ್ನು ನಾವು ತಿಳಿಯಬೇಕು.

ಎಕ್ಸ್‌ಮೂರ್, ಡಾರ್ಟ್‌ಮೂರ್, ವೆಲ್ಷ್, ಶೆಟ್ಲೆಂಡ್, ಹೈಲೆಂಡ್ ಮುಂತಾದವು ಆ ನಾಡಿನ ದೇಶಿ ತಟ್ಟುಗಳು. ನೈಋತ್ಯ ಇಂಗ್ಲೆಂಡಿನ ಬೋಳುಗುಡ್ಡಗಳ ಎಕ್ಸ್‌ಮೂರ್ ತಟ್ಟನ್ನೇ ನೋಡಿ. ಕಂದು ಮೈ, ಹಿಟ್ಟು ಮೆತ್ತಿದಂತಹ ಮೂತಿ. ಕಣ್ಣಿನ ಸುತ್ತ ಉಬ್ಬಿದ ಮಾಂಸದ ಅಂಚು ಮಳೆನೀರನ್ನು ಬದಿಗೆ ಸರಿಸುತ್ತದೆ. ಚಳಿಗಾಲದಲ್ಲಿ ಎರಡು ಪದರಗಳ ಕೂದಲು ಬೆಳೆಯುತ್ತದೆ: ಒಳಗೆ ಉಣ್ಣೆಯಂತಹುದು, ಹೊರಗೆ ಜಿಡ್ಡುಳ್ಳ ಉದ್ದನೆಯದು. ಬಾಲದ ಬುಡದಲ್ಲಿ ಬೀಸಣಿಗೆಯಂತೆ ಹರಡಿದ ಗಿಡ್ಡ ಕೂದಲು ಮಳೆ, ಹಿಮಗಳನ್ನು ಕೆಳಕ್ಕೆ ಜಾರಿಸುತ್ತದೆ. ಇವನ್ನೆಲ್ಲ ಯಾವ ವಿಜ್ಞಾನಿಯೂ ರೂಪಿಸಿದ್ದಲ್ಲ. ಗಾಳಿ, ಮಳೆ, ಹಸಿವುಗಳು ರೂಪಿಸಿದವು.

ಈ ತಳಿಯ ಸಂಘ ಹುಟ್ಟಿದ್ದು 1921ರಲ್ಲಿ. ಎರಡನೆಯ ಮಹಾಯುದ್ಧ ಮುಗಿಯುವ ವೇಳೆಗೆ ಉಳಿದಿದ್ದ ತಟ್ಟುಗಳು ಸುಮಾರು 50 ಮಾತ್ರ. ಗುಡ್ಡಗಳು ಸೈನಿಕರ ತರಬೇತಿಯ ನೆಲವಾಗಿದ್ದವು. ಅನೇಕವು ಗುಂಡಿಗೆ ಬಲಿಯಾದವು, ಮಾಂಸಕ್ಕಾಗಿ ಕದ್ದೊಯ್ದವೂ ಇದ್ದವು. ಮೇರಿ ಎಥರಿಂಗ್ಟನ್ ಎಂಬಾಕೆಯೂ ಸ್ಥಳೀಯ ರೈತರೂ ಸೇರಿ ತಳಿಯನ್ನು ಮತ್ತೆ ಕಟ್ಟಿದರು. ಮುಂದೆ ಅಂತಹ ತಳಿಗಳಿಗೆ ಬೆಲೆ ತಂದುಕೊಟ್ಟ ಕೀರ್ತಿಯಲ್ಲಿ ಪ್ರದರ್ಶನದ ಕಣಕ್ಕೂ ದೊಡ್ಡ ಪಾಲಿದೆ. ಗುಡ್ಡದಲ್ಲಿ ಯಾರೂ ಕೇಳದಿದ್ದ ಪ್ರಾಣಿ ಲಂಡನ್ನಿನ ದೀಪಗಳ ಕೆಳಗೆ ಪದಕ ಗೆದ್ದಾಗ ಅದರ ಮರಿಗೂ ಗಿರಾಕಿ ಹುಟ್ಟಿದ. ಇದನ್ನು ನಾನು ಹಗುರವಾಗಿ ಕಾಣುವುದಿಲ್ಲ. ದೇಶಿ ತಟ್ಟುಗಳ ವಿಭಾಗದಲ್ಲಿ ಕೇಸರವನ್ನು ಹೆಣೆಯುವಂತಿಲ್ಲ, ಸಹಜ ರೂಪದಲ್ಲೇ ತರಬೇಕು ಎಂಬ ಒಳ್ಳೆಯ ರೂಢಿಯೂ ಇದೆ. (ಶ್ಯಾಂಪೂ ಹಾಕಿ ತೊಳೆಯಲು ಮಾತ್ರ ಅಡ್ಡಿಯಿಲ್ಲ!)

ಆದರೆ ತೀರ್ಪುಗಾರನ ಕಣ್ಣು ನೋಡುವುದು ಕೆಲವೇ ನಿಮಿಷ. 1894ರಲ್ಲಿ ಹುಟ್ಟಿದ ಡಯೋಲ್ ಸ್ಟಾರ್‌ಲೈಟ್ ಎಂಬ ಬೂದು ಬಣ್ಣದ ವೆಲ್ಷ್ ಗಂಡುಕುದುರೆಯ ಮುಖ ಅರಬ್ಬೀ ಕುದುರೆಯನ್ನು ನೆನಪಿಸುವಷ್ಟು ಚೆಲುವಾಗಿತ್ತು. ಪ್ರದರ್ಶನಗಳಲ್ಲಿ ಗೆದ್ದಿತು, ಎಲ್ಲರೂ ಅದರ ಸಂತತಿಯನ್ನೇ ಬಯಸಿದರು. ಇಂದಿನ ವೆಲ್ಷ್ ಬೆಟ್ಟದ ತಟ್ಟಿನ ಮೂಲಪುರುಷನೆಂದರೆ ಅದೇ. ಅತ್ತ ಉತ್ತರ ವೇಲ್ಸಿನ ಕಾರ್ನೆಡ್ಡಾ ಬೆಟ್ಟಗಳಲ್ಲಿ ಅರೆಕಾಡುಪ್ರಾಣಿಗಳಂತೆ ಬದುಕುವ ತಟ್ಟುಗಳಿವೆ. ಅವು ವಂಶವಾಹಿಗಳಲ್ಲಿ ಪ್ರತ್ಯೇಕ ಎಂಬುದನ್ನು ವಿಜ್ಞಾನಿಗಳು ತೋರಿಸಿದ್ದಾರೆ. ಒಂದೇ ನಾಡು, ಒಂದೇ ಮೂಲದ ಹೆಸರು, ಎರಡು ದಾರಿ. 2013ರ ವಸಂತದಲ್ಲಿ ಭಾರಿ ಹಿಮ ಬಿದ್ದಾಗ ಕಾರ್ನೆಡ್ಡಾದ ಅನೇಕ ತಟ್ಟುಗಳು ಸತ್ತವು. ಬೆಟ್ಟದ ಪರೀಕ್ಷೆ ಕರುಣೆಯಿಲ್ಲದ್ದು ನಿಜ. ಉಳಿದವು ಮಾತ್ರ ಮರಿ ಹಾಕುತ್ತವೆ.

ಇನ್ನೊಂದು ಸಂಗತಿ ಕೃಷಿ ವಿದ್ಯಾರ್ಥಿಗಳಿಗಾಗಿ. ಈ ತಟ್ಟುಗಳ ದೇಹ ಬೇಸಿಗೆಯಲ್ಲಿ ಕೊಬ್ಬು ಕೂಡಿಟ್ಟು ಚಳಿಗಾಲದಲ್ಲಿ ಕರಗಿಸಲು ಹೊಂದಿಕೊಂಡಿದೆ. ಕಣದಲ್ಲಿ ಮೈ ತುಂಬಿ ಕಾಣಲೆಂದು ವರ್ಷವಿಡೀ ಸಮೃದ್ಧ ಹುಲ್ಲು, ಧಾನ್ಯ ತಿನ್ನಿಸಿದರೆ ಆ ಕರಗುವ ಕಾಲವೇ ಬರುವುದಿಲ್ಲ. ರಕ್ತದಲ್ಲಿ ಇನ್ಸುಲಿನ್ ಏರಿ, ಗೊರಸಿನೊಳಗಿನ ಪದರಗಳು ಊದಿಕೊಂಡು, ನಿಲ್ಲಲೂ ಆಗದ ನೋವು ಬರುತ್ತದೆ. ಲ್ಯಾಮಿನೈಟಿಸ್ ಎಂಬ ಈ ರೋಗಕ್ಕೆ ದೇಶಿ ತಟ್ಟುಗಳು ಸುಲಭವಾಗಿ ತುತ್ತಾಗುತ್ತವೆ. ಬಡ ನೆಲದಲ್ಲಿ ಅದನ್ನು ಬದುಕಿಸಿದ ಗುಣವೇ ಸಮೃದ್ಧಿಯಲ್ಲಿ ಅದರ ಶತ್ರು.

ಇಷ್ಟರ ನಡುವೆ ಆ ತಟ್ಟುಗಳಿಗೆ ಹಳೆಯ ಕೆಲಸವೊಂದು ಮರಳಿ ಸಿಕ್ಕಿದೆ. ಒರಟು ಹುಲ್ಲನ್ನೂ ಮುಳ್ಳುಪೊದೆಯ ಚಿಗುರನ್ನೂ ಮೇಯ್ದು ಹೂಗಿಡಗಳಿಗೆ ಜಾಗ ಮಾಡಿಕೊಡಲೆಂದು ಎಕ್ಸ್‌ಮೂರ್ ತಟ್ಟುಗಳನ್ನು ರಕ್ಷಿತ ನೆಲಗಳಲ್ಲಿ ಬಿಡುತ್ತಿದ್ದಾರೆ. ಈ ಕೆಲಸಕ್ಕೆ ಚೆಲುವಾದ ಮುಖದ ಅಗತ್ಯವಿಲ್ಲ.

ಆದ್ದರಿಂದ ಪ್ರದರ್ಶನ ಬೇಡವೆಂದು ನಾನು ಹೇಳಲಾರೆ. ನಮ್ಮಲ್ಲಿ ನಡೆಸುವುದಾದರೆ ಕೊಟ್ಟಿಗೆಯಲ್ಲಿ ಹಿಂಡಿ ತಿಂದು ಮೈಮಿಂಚಿದ ಗಿಡ್ಡಕ್ಕಲ್ಲ, ಮಳೆಗಾಲವಿಡೀ ಗುಡ್ಡ ಹತ್ತಿಳಿದು ಮೇಯ್ದು ತಪ್ಪದೆ ಕರು ಹಾಕಿದ ಹಸುವಿಗೆ ಬಹುಮಾನ ಸಲ್ಲಲಿ. ಅದನ್ನು ಅಳೆಯಲು ತೀರ್ಪುಗಾರರು ಪೆಂಡಾಲಿನಲ್ಲಿ ಕುಳಿತರೆ ಸಾಲದು; ಆಷಾಢದಲ್ಲಿ ಒಮ್ಮೆ ಮೇವಿನ ಗುಡ್ಡಕ್ಕೇ ಬರಬೇಕು. ಬರುವವರ ಹೆಸರುಗಳನ್ನು ಇಂದೇ ಬರೆದುಕೊಳ್ಳೋಣ.