ದೊಡ್ಡ ವಾಲ್ವ್ ಹಾಕಿಸಿದ್ರೆ ಪವರ್ ಜಾಸ್ತಿ ಆಗುತ್ತಾ?

ಹಳೇ ಕಾರು ರೆಡಿ ಮಾಡಿಸ್ತಿರೋ ಕೇಳುಗರು ಪದೇ ಪದೇ ಕೇಳೋ ಒಂದು ಪ್ರಶ್ನೆ ಇದೆ: "ಬ್ರೋ, ಹೇಗೂ ಸಿಲಿಂಡರ್ ಹೆಡ್ ಬಿಚ್ಚಿಸಿದ್ದೀನಿ. ಒಂದೇ ಖರ್ಚಲ್ಲಿ ದೊಡ್ಡ ವಾಲ್ವ್ ಹಾಕಿಸ್ಬಿಡ್ಲಾ?" ನಾನು ಓದಿದ್ದು ಬಿಕಾಂ. ಆದರೆ ಇದು ಅರ್ಧ ಎಂಜಿನಿಯರಿಂಗ್, ಅರ್ಧ ಬಜೆಟ್ ಪ್ರಶ್ನೆ. ಇರೋ ಜಾಗವನ್ನು ಯಾರಿಗೆ ಎಷ್ಟು ಹಂಚೋದು ಅನ್ನೋ ಲೆಕ್ಕ.

ಮೊದಲು ಬೇಸಿಕ್ಸ್. ಟರ್ಬೊ ಇಲ್ಲದ ಎಂಜಿನ್‌ನಲ್ಲಿ ಪಿಸ್ಟನ್ ಕೆಳಗಿಳಿದಾಗ ಗಾಳಿಯನ್ನು ಒಳಗೆ ತಳ್ಳೋದು ಹೊರಗಿನ ವಾತಾವರಣದ ಒತ್ತಡ ಮಾತ್ರ. ಹೊಗೆ ಆಚೆ ಹೋಗುವಾಗ ಹಾಗಲ್ಲ. ಉರಿದ ಅನಿಲಕ್ಕೆ ಅದರದೇ ಒತ್ತಡ ಜೋರಾಗಿರುತ್ತೆ, ಬಾಗಿಲು ತೆಗೆದ್ರೆ ಸಾಕು, ನುಗ್ಗುತ್ತೆ. ಅದಕ್ಕೇ ಇನ್ಲೆಟ್ ವಾಲ್ವ್ ದೊಡ್ಡದು, ಎಕ್ಸಾಸ್ಟ್ ವಾಲ್ವ್ ಚಿಕ್ಕದು.

ಈಗ ಬಜೆಟ್. ನಿಮ್ಮ ಸಿಲಿಂಡರ್‌ನ ಅಗಲ, ಅಂದ್ರೆ ಬೋರ್, ಫಿಕ್ಸ್ ಆಗಿದೆ. ಎರಡು ವಾಲ್ವ್, ಅವುಗಳ ಸೀಟು, ಸೀಟುಗಳ ನಡುವೆ ಒಂದಿಷ್ಟು ಲೋಹ, ಎಲ್ಲವೂ ಅದರೊಳಗೇ ಕೂರಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಇಲ್ಲಿ ಅದು ಮಿಲಿಮೀಟರ್ ಲೆಕ್ಕದಲ್ಲಿ ನಿಜ.

ಇದಕ್ಕೆ ಒಳ್ಳೇ ಉದಾಹರಣೆ ಬ್ರಿಟನ್ನಿನ ಹಳೇ ಮಿನಿ, 1959ರಲ್ಲಿ ಬಂದ ಕಾರು. ಅದರ ಎ-ಸೀರೀಸ್ ಎಂಜಿನ್‌ಗೆ ನಾಲ್ಕು ಸಿಲಿಂಡರ್, ಎಂಟು ವಾಲ್ವ್. ನಮ್ಮ ಅಂಬಾಸಿಡರ್‌ನಲ್ಲಿದ್ದ 1489 ಸಿಸಿ ಬಿ-ಸೀರೀಸ್ ಎಂಜಿನ್ ಇದರ ಅಣ್ಣ ಅಂದ್ಕೊಳ್ಳಿ, ಒಂದೇ ಮನೆತನ.

ಈ ಮಿನಿಯ ಕೂಪರ್ ಎಸ್ ಮಾಡೆಲ್ 1964, 1965, 1967ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದಿತ್ತು. 1275 ಸಿಸಿ ಕೂಪರ್ ಎಸ್‌ನ ಬೋರ್ 70.6 ಮಿ.ಮೀ. ಇನ್ಲೆಟ್ ವಾಲ್ವ್ 35.6, ಎಕ್ಸಾಸ್ಟ್ ಸುಮಾರು 31. ಎರಡೂ ಸೇರಿದ್ರೆ 66.6. ಉಳಿದದ್ದು ಬರೀ 4 ಮಿ.ಮೀ! ಪವರ್ ಬಂತು, ಸರಿ. ಆದರೆ ಎರಡು ಸೀಟುಗಳ ನಡುವಿನ ತೆಳು ಲೋಹದಲ್ಲಿ ಬಿರುಕು ಬಿಡೋದು ಈ ಹೆಡ್‌ಗೆ ಅಂಟಿಕೊಂಡ ಕಾಯಿಲೆ ಆಯ್ತು. ಯಾಕಂದ್ರೆ ಎಕ್ಸಾಸ್ಟ್ ವಾಲ್ವ್‌ನ ಬಿಸಿ ಹೆಚ್ಚಾಗಿ ಹೊರಹೋಗೋದು ಸೀಟಿನ ಮೂಲಕ. ಅಲ್ಲಿ ಲೋಹ ಕಡಿಮೆ ಆದ್ರೆ ಬಿಸಿ ಹೋಗೋಕೆ ದಾರಿಯೂ ಕಡಿಮೆ.

ಮುಂದೆ 1980ರ ದಶಕದ ಎಂಜಿ ಮೆಟ್ರೊ ಕಾರಿಗೆ ಇದೇ ಎಂಜಿನ್ ಬಂದಾಗ ಏನ್ಮಾಡಿದ್ರು ನೋಡಿ. ಇನ್ಲೆಟ್ ಅದೇ 35.6 ಇಟ್ಟರು, ಎಕ್ಸಾಸ್ಟನ್ನು 29ರ ಆಸುಪಾಸಿಗೆ ಇಳಿಸಿದರು. ನಡುವಿನ ಲೋಹಕ್ಕೆ ಸಿಕ್ಕಿದ್ದು ಒಂದು ಮಿ.ಮೀ.ಗಿಂತ ಸ್ವಲ್ಪ ಕಡಿಮೆ, ಅಷ್ಟೇ. ಅಷ್ಟಕ್ಕೇ ಹೆಡ್‌ನ ಆಯಸ್ಸು ಜಾಸ್ತಿ ಆಯ್ತು. ಇವತ್ತಿಗೂ ಮಿನಿ ಟ್ಯೂನ್ ಮಾಡೋರು ರಸ್ತೆ ಗಾಡಿಗೆ ಈ ಜೋಡಿಯನ್ನು ಇಷ್ಟಪಡ್ತಾರೆ.

ಇನ್ನೊಂದು ಕಡೆ, 998 ಸಿಸಿ ಮಿನಿ. ಬೋರ್ 64.6 ಮಾತ್ರ. "1275ರ ಹೆಡ್ ತಂದು ಇದರ ಮೇಲೆ ಕೂರಿಸೋಣ" ಅನ್ನೋ ಆಸೆ ಎಲ್ಲರಿಗೂ ಬರುತ್ತೆ. ಬೋಲ್ಟ್ ಕೂರುತ್ತೆ ಕೂಡ. ಆದರೆ ಆ ಹೆಡ್‌ನಲ್ಲಿ ವಾಲ್ವ್‌ಗಳ ಜಾಗ ದೊಡ್ಡ ಬೋರ್‌ಗೆ ಅಂತ ಇರೋದು. ಎಕ್ಸಾಸ್ಟ್ ವಾಲ್ವ್ ಕೆಳಗಿಳಿದ್ರೆ ಸೀದಾ ಬ್ಲಾಕ್‌ಗೇ ಬಡಿಯುತ್ತೆ. ತಪ್ಪಿಸಬೇಕು ಅಂದ್ರೆ ಬ್ಲಾಕ್‌ನಲ್ಲಿ ಗುಳಿ ಕೊರೆಸಬೇಕು. ಕೊರೆಸಿದ್ರೂ ವಾಲ್ವ್ ಗೋಡೆಗೆ ಅಂಟಿಕೊಂಡ ಹಾಗೆ ಇರುತ್ತೆ, ಆ ಕಡೆಯಿಂದ ಗಾಳಿ ಸಲೀಸಾಗಿ ಹರಿಯಲ್ಲ. ಕಾಸೂ ಹೋಯ್ತು, ಲಾಭವೂ ಅಷ್ಟಕ್ಕಷ್ಟೇ. ಹೀಗಾಗಿ 998ಕ್ಕೆ ತುಂಬಾ ಜನ ಆರಿಸೋದು 12ಜಿ295 ಅನ್ನೋ ಹೆಡ್. ಇನ್ಲೆಟ್ 31, ಎಕ್ಸಾಸ್ಟ್ 25.4. ಚಿಕ್ಕದು, ಆದರೆ ಆ ಬೋರ್‌ಗೆ ಸರಿ.

ಈಗ ಒಂದು ಲೆಕ್ಕ. ಇನ್ಲೆಟ್ 33.3ರಿಂದ 35.6ಕ್ಕೆ ಹೋದ್ರೆ ವ್ಯಾಸ ಜಾಸ್ತಿ ಆಗೋದು 7%, ವಾಲ್ವ್‌ನ ವಿಸ್ತೀರ್ಣ 14%. ಕೇಳೋಕೆ ಸೂಪರ್. ಆದರೆ ವಾಲ್ವ್ ಸ್ವಲ್ಪವೇ ತೆರೆದಿರುವಾಗ ಗಾಳಿ ನುಗ್ಗೋದು ಅಂಚಿನ ಸುತ್ತ ಇರೋ ಸಂದಿಯಿಂದ. ಅಲ್ಲಿ ಸಿಗೋ ಜಾಗ 7% ಮಾತ್ರ. ವ್ಯಾಸದ ಕಾಲು ಭಾಗದಷ್ಟು, ಅಂದ್ರೆ ಸುಮಾರು 9 ಮಿ.ಮೀ. ವಾಲ್ವ್ ಎದ್ದಾಗಷ್ಟೇ ಆ ಸಂದಿ ವಾಲ್ವ್‌ನ ವಿಸ್ತೀರ್ಣಕ್ಕೆ ಸಮ ಆಗುತ್ತೆ. ಕ್ಯಾಮ್ ಅಷ್ಟು ಎತ್ತಲ್ಲ ಅಂದ್ರೆ ಪೂರ್ತಿ ಲಾಭ ಸಿಗಲ್ಲ.

ಜೊತೆಗೆ ಪೋರ್ಟ್ ನೋಡಿ. ಎ-ಸೀರೀಸ್‌ನಲ್ಲಿ ಎರಡೆರಡು ಸಿಲಿಂಡರ್‌ಗೆ ಒಂದೇ ಇನ್ಲೆಟ್ ದಾರಿ. ಗಲ್ಲಿ ಕಿರಿದಾಗಿದ್ರೆ ಮನೆ ಬಾಗಿಲು ಅಗಲ ಮಾಡಿ ಏನು ಪ್ರಯೋಜನ? ಹಾಗಂತ ಪೋರ್ಟನ್ನೂ ಸಿಕ್ಕಾಪಟ್ಟೆ ಕೊರೆಸಿದ್ರೆ ಕಡಿಮೆ ಆರ್‌ಪಿಎಂನಲ್ಲಿ ಗಾಳಿಯ ವೇಗ ಬೀಳುತ್ತೆ, ಪಿಕಪ್ ಹೋಗುತ್ತೆ. ರೇಸ್ ಟ್ರ್ಯಾಕ್‌ಗೆ ಓಕೆ. ಸಿಗ್ನಲ್‌ನಿಂದ ಸಿಗ್ನಲ್‌ಗೆ ಓಡೋ ಗಾಡಿಗೆ ತಲೆನೋವು.

ಹಾಗಾದ್ರೆ ನೀವೇನು ಮಾಡ್ಬೇಕು? ಮೆಷಿನ್ ಶಾಪ್‌ಗೆ ಹೋದಾಗ ನಾಲ್ಕು ಪ್ರಶ್ನೆ ಕೇಳಿ. ನನ್ನ ಬೋರ್ ಎಷ್ಟು? ಹೊಸ ವಾಲ್ವ್ ಹಾಕಿದ ಮೇಲೆ ಸೀಟುಗಳ ನಡುವೆ ಎಷ್ಟು ಲೋಹ ಉಳಿಯುತ್ತೆ? ವಾಲ್ವ್ ಪೂರ್ತಿ ತೆರೆದಾಗ ಬ್ಲಾಕ್‌ಗೋ ಪಿಸ್ಟನ್‌ಗೋ ತಾಗುತ್ತಾ? ನನ್ನ ಕ್ಯಾಮ್ ಎಷ್ಟು ಎತ್ತುತ್ತೆ? ನಾಲ್ಕಕ್ಕೂ ಅಳತೆಯಲ್ಲಿ ಉತ್ತರ ಬರಬೇಕು. "ಏನೂ ಆಗಲ್ಲ, ಹಾಕ್ಸಿ ಸಾರ್" ಅನ್ನೋದು ಉತ್ತರ ಅಲ್ಲ.

ಬಜೆಟ್ ಕಡಿಮೆ ಇದ್ರೆ, ಇರೋ ಸೈಜ್ ವಾಲ್ವನ್ನೇ ಇಟ್ಕೊಂಡು ಸೀಟನ್ನು ಮೂರು ಕೋನದಲ್ಲಿ ನೀಟಾಗಿ ಕಟ್ ಮಾಡಿಸಿ, ಸೀಟಿನ ಹಿಂದಿನ ಪೋರ್ಟ್ ಭಾಗದ ಉಬ್ಬುತಗ್ಗು ನುಣ್ಣಗೆ ಮಾಡಿಸಿ. ಗಾಳಿ ಹೆಚ್ಚು ತಡೆಯಾಗೋದೇ ಅಲ್ಲಿ. ಹೆಡ್‌ನ ಲೋಹ ಒಮ್ಮೆ ಕೊರೆದ್ರೆ ವಾಪಸ್ ಬರಲ್ಲ. ಹಳೇ ಗಾಡಿಗೆ ಇನ್ನೊಂದು ಹೆಡ್ ಹುಡುಕೋದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತು.

ನಿಮ್ಮ ಗಾಡಿಯ ಬೋರ್, ವಾಲ್ವ್ ಅಳತೆ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕೂತು ಲೆಕ್ಕ ಹಾಕೋಣ. ಅಲ್ಲಿವರೆಗೆ ಹೆಡ್ ಕೊರೆಸ್ಬೇಡಿ. ಸಿಗೋಣ.